ಅಜ್ಜಿ ಹೆಸರು ಪುಕ್ಕಟ ಹುಡುಕಿದ್ದು

ಪುಕ್ಕಟ ಅಂತ ಯಾರರ ಅಂದ್ರ ಸಾಕು, ನಾ ಈಗ ಚಪ್ಪಲ್ ಹಾಕ್ಕೊಂಡು ಅಲ್ಲಿಂದ ಓಡ್ತೀನಿ. ಪುಕ್ಕಟ ಸಿಗೂ ಕಡೆಗೆಲ್ಲ ನನಗ ಏನರ ಒಂದು ಆಗಿದ್ದ ಐತಿ. ಬಸ್ಸಿನ್ಯಾಗ ಕಂಡಕ್ಟರ್ ಆಗಿ ದುಡದು ರಿಟೈರ್ ಆದಾಂವ ನಾ. ಬಾಗಲದಾಗ ಜೋತು ಬಿದ್ದಾವ್ರಿಗೆ "ಒಳಗ ಸರೀರಿ" ಅಂತ ಒದರಿ ಒದರಿ ನನ್ನ ದನಿ ಹೆಂಗಾಗೇತಿ ಅಂದ್ರ, ಸಿಟ್ಟು ಇಲ್ಲದಾಗೂ ಸಿಟ್ಟಿಗೆದ್ದಂಗ ಕೇಳಸ್ತೈತಿ. ಈಗ ಹೇಳೂ ಸಂಗತಿಯೊಳಗ ಮಾತ್ರ ನಾ ಖರೇನ ಸಿಟ್ಟಿಗೆದ್ದಿದ್ದೆ.

ನನ್ನ ಮಗಳು ಬಾಣಂತನಕ್ಕ ಬೆಟಗೇರಿಗೆ, ನಮ್ಮ ಮನಿಗೆ ಬಂದಿದ್ಲು. ಹೆಣ್ಣು ಕೂಸು ಆತು. ಎಲ್ಲಾ ಚಲೋನ ನಡದಿತ್ತು. ಒಂದಿನ ನಮ್ಮವ್ವ ಕೂಸಿನ್ನ ಕಾಲ ಮ್ಯಾಲೆ ಹಾಕ್ಕೊಂಡು ಎಣ್ಣಿ ತಿಕ್ಕೋತ, "ತಮ್ಮಾ, ಈಕಿಗೆ ನಮ್ಮವ್ವನ ಹೆಸರು ಇಡ್ರಿ" ಅಂದ್ಲು.

"ಇಡೂಣಂತ ಯವ್ವಾ, ಅದರಾಗೇನೈತಿ. ಏನ ಹೆಸರು?"

"ಅದ ಗೊತ್ತಿಲ್ಲ ನೋಡು."

ನಮ್ಮವ್ವ ಹುಟ್ಟಿದ್ದು ಶಿರಹಟ್ಟ್ಯಾಗ. ಆಕಿ ಅವ್ವ ಹಮ್ಮಿಗಿಯಿಂದ ಶಿರಹಟ್ಟಿಗೆ ಸೊಸಿಯಾಗಿ ಬಂದಾಕಿ. ನಮ್ಮ ಕಡೆ ಸೊಸಿನ್ನ ತವರೂರಿನ ಹೆಸರಲೆ ಕರೀತಾರ. ಹಿಂಗಾಗಿ ಆಕಿ ಊರಿಗೆಲ್ಲ ಹಮ್ಮಿಗೆವ್ವ. ಗಂಡ ಹೇಣ್ತಿ ಹೆಸರು ಹೇಳಾಂವಲ್ಲ, ಅತ್ತಿ ಸೊಸಿ ಹೆಸರು ಹೇಳಾಕಿಯಲ್ಲ. ನಮ್ಮವ್ವ ಇನ್ನೂ ಹಸಿಗೂಸು ಇದ್ದಾಗ ಆಕಿ ತೀರಿಕೊಂಡ್ಲು. ಹಮ್ಮಿಗಿ ಜೋಡಿ ಹೋಗಿ ಬರೂದೂ ನಿಂತು ಹೋತು. ಆ ಮನಿತನದಾವ್ರು ಊರ ಬಿಟ್ಟು ಹೋಗ್ಯಾರ ಅಂತಷ್ಟ ಕೇಳಿದ್ವಿ.

"ನಮ್ಮವ್ವನ ಮಾರಿ ನಾ ನೋಡಿಲ್ಲ," ಅಂದ್ಲು ಅವ್ವ. "ಒಂದು ಫೋಟೋ ಸುದ್ದಾ ಇಲ್ಲ. ಹೆಸರರ ಒಮ್ಮೆ ಕೇಳಿ ಸಾಯ್ತೀನಿ."

ಎಂಬತ್ತು ದಾಟಿದ ಅವ್ವ ಹಿಂಗ ಅಂದ ಮ್ಯಾಲೆ ಮಗ ಆದಾಂವ ಏನ ಮಾಡಬೇಕು? ಅದರಾಗ ಮುಂಡರಗಿ ಬೀಗ್ತಿ, ಅಂದ್ರ ಮಗಳ ಅತ್ತಿ, ಒಂದು ಹೆಸರು ಆಗಲೇ ಆರಿಸಿ ಇಟ್ಕೊಂಡಿದ್ಲು: ಮಿಶಿಕಾ. "ಹಂಗಂದ್ರ ಏನ್ರಿ?" ಅಂತ ಅವ್ವ ಕೇಳಿದ್ರ, "ಅರ್ಥ ತಗೊಂಡು ಏನ ಮಾಡೂದೈತ್ರಿ? ಯಾರಿಗೂ ಇಲ್ಲದ ಹೆಸರು" ಅಂದ್ಲು. ಅವ್ವ, "ನಮ್ಮವ್ವಂದು ಯಾರಿಗೂ ಗೊತ್ತ ಇಲ್ಲದ ಹೆಸರು. ಅದಕ್ಕಿಂತ ಚಲೋ ಆತಲ್ಲ" ಅಂದ್ಲು. ಕಡೀಕ ಬೀಗ್ತಿ ನನಗ, "ತೊಟ್ಟಲಕ್ಕ ಹಾಕೂ ದಿನದೊಳಗ ಹುಡುಕಿ ಕೊಡ್ರಿ ಬೀಗರ, ಇಡೂಣು. ಇಲ್ಲಂದ್ರ ನಮ್ಮದ" ಅಂತ ತಾಕೀತು ಮಾಡಿ ಹೋದ್ಲು.

೧. ಕೆಂಪು ಗಡ್ಡದ ಸಂಬಂಧಿಕ

ಮಗಳು ಹಾಸಿಗಿ ಮ್ಯಾಲಿಂದನ ಮೊಬೈಲ್ ತಗದ್ಲು. "ಅಪ್ಪಾ, ನೀ ಎಲ್ಲೂ ಹೋಗೂದು ಬ್ಯಾಡ. ವಂಶಾವಳಿ ಹುಡುಕಾಕ ಭಾಳ ವೆಬ್‌ಸೈಟ್ ಅದಾವು. ಎಲ್ಲಾ ಫ್ರೀ."

ಫೋನ್ ನಂಬರ್ ಕೇಳ್ತು, ಕೊಟ್ವಿ. ಇಮೇಲ್ ಕೇಳ್ತು, ಅಳಿಯಂದು ಕೊಟ್ವಿ. ನನ್ನ ಹುಟ್ಟಿದ ದಿನ ಕೇಳ್ತು. ಆ ಮ್ಯಾಲೆ ಒಂದು ಖಾಲಿ ಡಬ್ಬಿ ಬಂತು. ಅದರಾಗ ಅಜ್ಜಿ ಹೆಸರು ಹಾಕಬೇಕಂತ. ಹಾಕದಿದ್ರ ಕೆಂಪು ಗೆರಿ ಬರ್ತೈತಿ, ಮುಂದ ಹೋಗಾಕ ಬಿಡೂದಿಲ್ಲ.

"ಅಲ್ಲವಾ, ಆ ಹೆಸರು ಗೊತ್ತಿದ್ರ ನಾ ಇಲ್ಲಿಗೆ ಯಾಕ ಬರ್ತಿದ್ದೆ?" ಅಂತ ನಾ ಮೊಬೈಲಿಗೆ ಒದರಿದೆ. ಕೂಸು ಎದ್ದು ಅಳಾಕ ಹತ್ತು. ನಮ್ಮ ಮನಿಯಾಕಿ ಅಡಗಿ ಮನಿಯಿಂದ, "ಅದಕ್ಯಾಕ ಒದರ್ತೀರಿ, ಅದೇನ ಬಾಗಲದಾಗ ಜೋತು ಬಿದ್ದೈತೇನ?" ಅಂದ್ಲು.

ಮಗಳು ಸುಮ್ಮನ ಹಮ್ಮಿಗೆವ್ವ ಅಂತ ಹಾಕಿದ್ಲು. ಚಕ್ರ ಗರಗರ ತಿರುಗಿ ತಿರುಗಿ, ನಿಮ್ಮ ಸಂಬಂಧಿಕರು ಸಿಕ್ಕಾರ ಅಂತ ಬಂತು. ಒತ್ತಿ ನೋಡಿದ್ರ ಒಂದು ಫೋಟೋ. ಕೆಂಪು ಗಡ್ಡದ ಬಿಳಿ ಮನಷ್ಯಾ, ಕೈಯಾಗ ಇಷ್ಟುದ್ದ ಮೀನ ಹಿಡಕೊಂಡು ಹಲ್ಲ ಕಿಸದು ನಿಂತಾನ. ಇವರ ಜೋಡಿ ಮಾತಾಡಬೇಕಂದ್ರ ರೊಕ್ಕ ಕಟ್ಟ್ರಿ ಅಂತ ಕೆಳಗ ಬರದಿತ್ತು.

"ಇದ ನೋಡು ನಿನ್ನ ಫ್ರೀ!" ಅಂತ ನಾ ಮೊಬೈಲ್ ಹಾಸಿಗಿ ಮ್ಯಾಲೆ ಒಗದೆ. ಅವ್ವ ಅದನ್ನ ತಗೊಂಡು, ಕಣ್ಣಿಗೆ ಹತ್ತಿರ ಹಿಡದು, ಭಾಳ ಹೊತ್ತು ನೋಡಿದ್ಲು.

"ಗಡ್ಡ ಬಿಡು," ಅಂದ್ಲು. "ಮೂಗು ಮಾತ್ರ ನಮ್ಮ ಶಿರಹಟ್ಟಿ ಕಾಕಾಂದಂಗ ಐತಿ."

೨. ಲಕ್ಷ್ಮೇಶ್ವರದಾಗ ಶಿರಾ

ಹಮ್ಮಿಗಿ ಬಿಟ್ಟ ಒಂದು ಮನಿತನ ಲಕ್ಷ್ಮೇಶ್ವರದಾಗ ಐತಿ ಅಂತ ಪರಿಚಯದಾವ್ರೊಬ್ರು ಹೇಳಿದ್ರು. ಕೇಳಾಕ ರೊಕ್ಕ ಬೇಕಿಲ್ಲಲ್ಲ, ಹೋಗಿ ಬರೂಣಂತ ರವಿವಾರ ಮುಂಜಾನೆ ನಾನೂ ನಮ್ಮ ಮನಿಯಾಕಿನೂ ಹೊಂಟ್ವಿ. ಆಕಿ ಇಳಕಲ್ ಸೀರಿ ಉಟ್ಲು. ನಾ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡೆ. ಅದ ತಪ್ಪಾತು.

ಮನಿ ಯಜಮಾನ ಬಾಗಲದಾಗ ನಿಂತು ಯಾರು ಅಂತ ಕೇಳಿದ. ನಾ ಕೈ ಮುಗದು, "ನಿಮ್ಮ ಮನಿತನದ ಬಗ್ಗೆ ತಿಳಕೊಂಡು ಹೋಗಾಕ ಬಂದೀವ್ರಿ" ಅಂದೆ.

ಆ ಮನಷ್ಯಾನ ಮಾರಿ ಹೊಳೀತು. "ಅಯ್ಯ, ಬರ್ರಿ, ಬರ್ರಿ, ಕುಂಡ್ರಿ!" ಅಂದು ಚಾಪಿ ಮ್ಯಾಲೆ ಜಮಖಾನಿ ಹಾಸಿದ. ಒಳಗ ಭಾಂಡೆ ಸಪ್ಪಳ ಚಾಲೂ ಆತು. ನಾ ಮನಸಿನ್ಯಾಗ ಎಂಥಾ ಚಲೋ ಮಂದಿ ಅಂದ್ಕೊಂಡೆ. ನಿಮ್ಮ ಬೆಡಗು, ಅಂದ್ರ ಕುಲ, ಯಾವುದು, ನಿಮ್ಮ ಬೀಗರು ಯಾವೂರಾವ್ರು, ಹಿರೇರು ಎಷ್ಟು ಮಂದಿ ಅಣತಮ್ಮರು ಅಂತ ನಾ ಕೇಳೇ ಕೇಳಿದೆ. ಆಂವ ಒಂದೊಂದಕ್ಕೂ ಸಾವಕಾಶ ಉತ್ತರ ಕೊಟ್ಟ. ಬಿಸಿ ಶಿರಾ ಬಂತು, ಉಪ್ಪಿಟ್ಟು ಬಂತು. ಅವನ್ನ ತಂದಾಕಿ ಹೊಸ ಸೀರಿ ಉಟ್ಟು, ತಲಿ ತುಂಬ ಹೂ ಮುಡಕೊಂಡು, ತಲಿ ತಗ್ಗಿಸಿ ನಮ್ಮ ಮುಂದ ಬಂದು ಕುಂತ್ಲು.

ನಮ್ಮ ಮನಿಯಾಕಿ ನನ್ನ ತೊಡಿ ಚಿವುಟಿದ್ಲು. ಮಂದಮತಿಗೆ ಆಗರ ತಿಳೀಬೇಕಲ್ಲ? ಇಲ್ಲ. ನಾ ಶಿರಾ ತಿಂದೆ.

"ಹುಡುಗ ಏನ ಮಾಡ್ತಾನ್ರಿ?" ಅಂತ ಯಜಮಾನ ಕೇಳಿದ.

"ಯಾವ ಹುಡುಗ್ರಿ?"

"ಮತ್ತ... ನೀವು ಯಾರ ಸಲುವಾಗಿ ನೋಡಾಕ ಬಂದೀರಿ?"

"ನಮ್ಮ ಅಜ್ಜಿ ಸಲುವಾಗ್ರಿ," ಅಂದೆ.

ನಾ ಎಲ್ಲಾ ಬಿಡಿಸಿ ಹೇಳಿದ ಮ್ಯಾಲೆ ಯಜಮಾನ ಒಂದ ಮಾತು ಅಂದ: "ನಾವು ಹಮ್ಮಿಗ್ಯಾವ್ರ ಅಲ್ರಿ. ನಮ್ಮದು ಅಸುಂಡಿ." ಒಳಗಿಂದ ಚಹಾ ತರಾಕ ಹೊಂಟಿದ್ದ ಹೆಣ್ಮಗಳು ಅರ್ಧಾ ದಾರ್ಯಾಗ ಹೊಳ್ಳಿ ಹೋದ್ಲು. ನಾವು ಚಪ್ಪಲ್ ಹಾಕ್ಕೊಳ್ಳೂ ಮುಂದ ಆ ಹುಡುಗಿ ಒಬ್ಬಾಕೀನ ನಗಕೋತ ಬಾಗಲಕ್ಕ ಬಂದು, "ಅಜ್ಜಿ ಸಿಕ್ಕರ ಹೇಳ್ರಿ ಅಂಕಲ್. ಇಲ್ಲೀತನಕ ಬಂದಾವ್ರೊಳಗ ನನಗ ಅಡಗಿ ಬರ್ತೈತೇನು ಅಂತ ಕೇಳದ ಇದ್ದಾವ್ರು ನೀವೊಬ್ರ" ಅಂದ್ಲು.

೩. ಎತ್ತಿನ ಹೆಸರು

ಹಂಗಾರ ಹೆಳವರನ್ನ ಕೇಳೂಣು ಅಂತ ನಮ್ಮ ಮನಿಯಾಕಿನ ದಾರಿ ತೋರಿಸಿದ್ಲು. ಹೆಳವರಂದ್ರ ಮನಿ ಮನಿಗೆ ಬಂದು ಅವರವರ ವಂಶ ಹೇಳಿ ಹೋಗಾವ್ರು. ಇಷ್ಟ ಕೊಡ್ರಿ ಅಂತ ಹಟಾ ಮಾಡೂದಿಲ್ಲ, ಕೊಟ್ಟಷ್ಟು ತಗೋತಾರ. ಶಿರಹಟ್ಟ್ಯಾಗ ನಮ್ಮವ್ವನ ತವರುಮನಿ ಐತಿ. ಅಲ್ಲೆ ಈಗ ಆಕಿ ಅಣ್ಣನ ಮಗ ಇರ್ತಾನ. ಆಂವ ಫೋನ್ ಮಾಡಿ ಅವರ ಹೆಳವನ್ನ ಕರಸಿದ. ಮೊದಲ ಎತ್ತಿನ ಮ್ಯಾಲೆ ಬರ್ತಿದ್ರಂತ. ಈತ ಬೈಕ್ ಮ್ಯಾಲೆ ಬಂದ. ನಾ ಅವ್ವನ್ನ ಕರಕೊಂಡು ಹೋಗಿದ್ದೆ. ಆಕಿ ಪಡಸಾಲ್ಯಾಗ ಎಲ್ಲಾರಿಗಿಂತ ಮುಂದ, ಕೈ ಕಟಗೊಂಡು ಕುಂತ್ಲು.

ಆತ ಗಂಟಿ ಬಾರಿಸಿ ಚಾಲೂ ಮಾಡಿದ. ಏನ ದನಿ, ಏನ ನೆನಪು! ಇಂಥಾ ಊರಿಂದ ಇಂಥಾಂವ ಬಂದ, ಅವನ ಹೊಟ್ಟಿಲೆ ಇಂಥಾಂವ ಹುಟ್ಟಿದ, ಅವಗ ಇಂಥಿಂಥಾ ಮಕ್ಕಳು ಅಂತ ಒಂದ ಉಸಿರಿನ್ಯಾಗ ಇಳಕೋತ ಬಂದ. ಬರ್ತಾ ಬರ್ತಾ ನಮ್ಮವ್ವನ ಅಪ್ಪನ ಹೆಸರು ಬಂತು. ಅವ್ವ ಮುಂದ ಬಗ್ಗಿದ್ಲು. ನಾನೂ ಬಗ್ಗಿದೆ.

"ಈತ ಹಮ್ಮಿಗಿ ಹೆಣ್ಣು ತಂದ. ಈತನ ಹಟ್ಟ್ಯಾಗ ಬಿಳಿ ಎತ್ತು ಹುಟ್ಟಿತ್ತು. ಅದರ ಹೆಸರು ಸಾರಂಗ. ನಾಕೂರಾಗ ಅಂಥಾ ಎತ್ತು ಇದ್ದಿಲ್ಲ..." ಅಂದು ಆತ ಮುಂದಿನ ಪೀಳಿಗಿಗೆ ಹೊಂಟ.

"ನಿಂದ್ರಪಾ, ನಿಂದ್ರು!" ಅಂತ ನಾ ಬಸ್ ನಿಂದರಸಿದಂಗ ಒದರಿದೆ. "ಆ ಹಮ್ಮಿಗಿ ಹೆಣ್ಣಿನ ಹೆಸರೇನು?"

"ಹೆಣ್ಮಕ್ಕಳ ಹೆಸರು ನಮ್ಮ ಕಡೆ ಇರೂದಿಲ್ರಿ."

"ಅಲ್ಲೋ ಮಾರಾಯ, ಎತ್ತಿಂದು ಇರ್ತೈತಿ, ಹೇಣ್ತಿದು ಇರೂದಿಲ್ಲ?"

ಆತ ಸಿಟ್ಟಿಗೇಳಲಿಲ್ಲ, ನಾಚಲಿಲ್ಲ. "ಎತ್ತು ಈ ಮನ್ಯಾಗ ಹುಟ್ಟಿದ್ರಿ ಯಜಮಾನ್ರ," ಅಂದ. "ಹೆಣ್ಮಗಳು ಹೊರಗಿಂದ ಬಂದಾಕಿ."

ಅವ್ವನ ಅಣ್ಣನ ಮಗ ಒಂದು ಚೀಲ ಜ್ವಾಳ, ಒಂದು ಧೋತರ ಕೊಟ್ಟು ಕಳಿಸಿದ. ಬೈಕಿಗೆ ಚೀಲ ಕಟ್ಟಾಕ ನಾನ ಹಗ್ಗ ಹಿಡದೆ. ನನ್ನ ಪುಕ್ಕಟ ಮತ್ತೊಬ್ರಿಗೆ ಒಂದು ಚೀಲಕ್ಕ ಬಿತ್ತು.

೪. ಅಟ್ಟದ ಮ್ಯಾಲಿನ ಕೊಡಪಾನ

ಅವ್ವನ ಮಾರಿ ಸಣ್ಣದಾಗಿತ್ತು. ಅದನ್ನ ನೋಡಿ ಆ ಮನಿ ಸೊಸಿ, "ಅತ್ತಿ, ಅಟ್ಟದ ಮ್ಯಾಲೆ ಹಳೀ ಭಾಂಡೆ ಅದಾವಲ್ರಿ. ಅವುಕ್ಕ ಹೆಸರು ಹಾಕಿಸಿರ್ತಾರ" ಅಂದ್ಲು. ಖರೆ ಅಲ್ಲೇನು? ಮದುವ್ಯಾಗ ಕೊಟ್ಟ ಕೊಡಪಾನ, ಪರಾತ, ತಂಬಿಗಿ ಎಲ್ಲಾದಕ್ಕೂ ಹೆಸರು ಕೊರಸೂದು ನಮ್ಮ ಪದ್ಧತಿ. ಈ ಬುದ್ಧಿ ನನಗ ಮೊದಲ ಯಾಕ ಬರಲಿಲ್ಲ ಅಂತ ನನ್ನ ಮ್ಯಾಲೆ ನನಗ ಸಿಟ್ಟು ಬಂತು.

ಈ ವಯಸ್ಸಿನ್ಯಾಗ ನಾ ಅಟ್ಟ ಏರಿದೆ. ಧೂಳಕ್ಕ ಸೀನಿ ಸೀನಿ ಸಾಕಾತು. ಒಂದೊಂದ ಭಾಂಡೆ ಕೆಳಗ ಇಳಿಸಿದ್ಹಂಗ ಅವರು ಹುಣಸಿಹಣ್ಣು ಹಚ್ಚಿ ತಿಕ್ಕಿದ್ರು. ಒಂದು ತಾಮ್ರದ ಕೊಡಪಾನದ ಕುತ್ತಿಗಿ ಕೆಳಗ ಅಕ್ಷರ ಎದ್ದು ಬಂದ್ವು: ರುದ್ರವ್ವ, ಹಮ್ಮಿಗಿ.

ಅವ್ವ ಆ ಕೊಡಪಾನ ಅವಚಿಕೊಂಡು ಅತ್ಲು. ಕುಂಕುಮ ಹಚ್ಚಿದ್ಲು, ಹೂ ಏರಿಸಿದ್ಲು. "ರುದ್ರವ್ವ, ರುದ್ರವ್ವ" ಅಂತ ಅಂದಿದ್ದ ಅಂದಿದ್ದು. ನನಗೂ ಕಣ್ಣಾಗ ನೀರು ಬಂತು. ನಾ ಅಲ್ಲಿಂದನ ಬೀಗ್ತಿಗೆ ಫೋನ್ ಹಚ್ಚಿ, "ಸಿಕ್ಕತ್ರಿ!" ಅಂತ ಒದರಿದೆ. ಆ ಒದರಿಕಿಗೆ ಬಾಜೂ ಮನಿ ಮುದುಕಿ ಏನಾತು ಅಂತ ಓಡಿ ಬಂದ್ಲು. ಬಂದಾಕಿ ನಮ್ಮನ್ನ ನೋಡಲಿಲ್ಲ, ಕೊಡಪಾನ ನೋಡಿದ್ಲು.

"ಅಯ್ಯ ನನ್ನ ಶಿವನ! ಇದು ನಮ್ಮತ್ತಿ ಕೊಡಪಾನ!"

ಆಕಿ ಅತ್ತಿನೂ ಹಮ್ಮಿಗ್ಯಾಕಿನ ಅಂತ. ಈ ಮನಿಯಾವ್ರು ಯಾವುದೋ ಮದುವಿಗೆ ಇಸಗೊಂಡು ಬಂದಿದ್ರು, ತಿರುಗಿ ಕೊಟ್ಟಿರಲಿಲ್ಲ. ಸಾಯೂತನ ಆ ಅತ್ತಿ ಈ ಸೊಸಿಗೆ, "ನೀನ ನಿನ್ನ ತವರಿಗೆ ಸಾಗಿಸೀದಿ" ಅಂತ ಬೈಕೋತ ಸತ್ಲಂತ. ಈಗ ಸೊಸಿ ಆ ಕೊಡಪಾನ ತಗೊಂಡು ಅಳಾಕ ಹತ್ತಿದ್ಲು. ಅವ್ವನ ಕೈ ಖಾಲಿ ಆದ್ವು.

ಅಳೂದು ಮುಗಿಸಿದ ಮುದುಕಿ ಕಣ್ಣ ಒರಸ್ಕೊಂಡು, "ಜೋಡಿಗೆ ಒಂದು ಪರಾತ ಇತ್ತಲ್ಲ?" ಅಂದ್ಲು. ನನ್ನನ್ನ ಮತ್ತ ಅಟ್ಟಕ್ಕ ಏರಿಸಿದ್ಲು. ಪರಾತ ಸಿಕ್ಕತು. ಎರಡು ತಂಬಿಗಿನೂ ಆಕೀವ ಆದ್ವು. ಅವ್ವನ ಅಣ್ಣನ ಮಗ ಕೈ ಜೋಡಿಸಿ ನನಗ, "ಅಜ್ಜಿನ್ನ ಹುಡುಕಾಕ ಬಂದು ನಮ್ಮ ಮನಿ ಬರಿದು ಮಾಡಿದೆಪಾ. ಇನ್ನ ಕೆಳಗ ಇಳಿ" ಅಂದ.

ಮುದುಕಿ ಮಾತ್ರ ಖುಷಿಯಾಗಿದ್ಲು. ಹೋಗೂ ಮುಂದ ಅವ್ವನ ಗಲ್ಲ ಹಿಡದು ಹೇಳಿದ್ಲು: "ನಮ್ಮತ್ತಿ ಸಣ್ಣ ತಂಗಿ ಇನ್ನೂ ಹಮ್ಮಿಗ್ಯಾಗ ಅದಾಳವಾ. ತೊಂಬತ್ತು ದಾಟೇತಿ, ಖಬರ ಚಲೋ ಐತಿ. ನಿನ್ನ ತೊಟ್ಟಲಕ್ಕ ಬಂದಿದ್ದೆ ಅಂತ ಹೇಳ್ತಿದ್ಲು."

"ಇದನ್ನ ನಾ ಅಟ್ಟ ಏರೂ ಮೊದಲ ಹೇಳಾಕ ಏನಾಗಿತ್ರಿ?" ಅಂದೆ.

"ಹಂಗ ಹೇಳಿದ್ರ ನನ್ನ ಪರಾತ ಯಾರು ಇಳಸ್ತಿದ್ರು?" ಅಂದ್ಲು.

೫. ಹಮ್ಮಿಗಿ

ತೊಟ್ಟಲಕ್ಕ ಹಾಕಾಕ ಒಂದ ದಿನ ಉಳದಿತ್ತು. ಬ್ಯಾಡಂದ್ರೂ ಕೇಳದ ಅವ್ವ ನನ್ನ ಜೋಡಿ ಹೊಂಟ್ಲು. ಬೆಟಗೇರಿಯಿಂದ ಮುಂಡರಗಿ, ಮುಂಡರಗಿಯಿಂದ ಹಮ್ಮಿಗಿ. ಹೆಣ್ಮಕ್ಕಳಿಗೆ ಬಸ್ ಪುಕ್ಕಟ. ಅವ್ವ ಸೀಟಿನ್ಯಾಗ ಕುಂತು ಆಧಾರ್ ಕಾರ್ಡ್ ತೋರಿಸ್ತಾಳ, ರಿಟೈರ್ ಕಂಡಕ್ಟರ್ ಟಿಕೀಟ್ ತಗೊಂಡು ನಿಂದರ್ತಾನ.

ಬಾಜೂ ಮನಿಯಾಕಿ ಹೇಳಿದ ತೊಂಬತ್ತರ ಮುದುಕಿ ಕಟ್ಟಿ ಮ್ಯಾಲೆ ಎಲಿ ಅಡಿಕಿ ಕುಟಗೋತ ಕುಂತಿದ್ಲು. ನಾವು ಯಾರು ಅಂತ ಹೇಳಿದ್ವಿ. "ಮೊದಲ ಉಣ್ಣರಿ" ಅಂದ್ಲು. ರೊಟ್ಟಿ ಬಡದ್ರು, ಪುಂಡಿ ಪಲ್ಯಾ ಬಡಿಸಿದ್ರು, ಮಜ್ಜಿಗಿ ಕೊಟ್ರು. ನಾ ತುತ್ತಿಗೊಮ್ಮೆ "ಅಜ್ಜಿ, ಹೆಸರು..." ಅಂದ್ರ, "ಉಣ್ಣೂ ಮುಂದ ಮಾತಾಡಬಾರ್ದು" ಅಂತ ಗದರಿಸ್ತಿದ್ಲು. ಬಸ್ ಹೋಗಿಬಿಡ್ತೈತಿ ಅಂತ ನಾ ಗಡಿಯಾರ ನೋಡಿಕೋತ ನುಂಗಿದೆ. ಕೈ ತೊಳದ ಮ್ಯಾಲೆ ಅವ್ವ ಆಕಿ ಹತ್ತಿರ ಸರದು, ಸಣ್ಣ ಹುಡುಗಿಯಂಗ ಕೇಳಿದ್ಲು: "ಚಿಗವ್ವಾ, ನಮ್ಮವ್ವನ ಹೆಸರೇನ?"

ಮುದುಕಿ ಆಕಿ ಮಾರಿ ನೋಡಿದ್ಲು. "ನಿನ್ನ ಹೆಸರೇನವಾ?"

"ತಂಗೆವ್ವ."

"ಅದು ಕರಿಯೂ ಹೆಸರು. ಇಟ್ಟ ಹೆಸರು?"

"ಅದು ಕಾರ್ಡಿನ್ಯಾಗ ಅಷ್ಟ ಐತಿ. ನೀಲಗಂಗವ್ವ."

"ಮತ್ತ ಅದನ್ನ ಕೇಳಾಕ ಬೆಟಗೇರಿಯಿಂದ ಇಲ್ಲೀತನ ಬಂದಿಯೇನ?" ಅಂದ್ಲು ಮುದುಕಿ.

ಮುದುಕಿ ಸಾವಕಾಶ ಹೇಳಿದ್ಲು. ಕೂಸಿಗೆ ಹೆಸರು ಇಡೂ ಮೊದಲ ತಾಯಿ ತೀರಿಕೊಂಡಳಂತ. ಆಕಿ ಹೆಸರು ಮನ್ಯಾಗ ಉಳೀಲಿ ಅಂತ ಅದನ್ನ ಕೂಸಿಗೆ ಇಟ್ರಂತ. ಆದ್ರ ಸತ್ತ ಸೊಸಿ ಹೆಸರು ಹಿಡದು ಕೂಸಿಗೆ ಬಾ, ಹೋಗು, ಸುಮ್ನಿರು ಅನ್ನಾಕ ಯಾರಿಗೂ ಬಾಯಿ ಬರಲಿಲ್ಲ. ಮರದಿನದಿಂದನ ತಂಗೆವ್ವ ಅಂತ ಕರ್ಯಾಕ ಹತ್ತಿದ್ರಂತ.

ನಾ ಮೀನ ಹಿಡದ ಬಿಳಿ ಮನಷ್ಯಾನ್ನ ನೋಡಿದೆ, ಪರಾಯಾರ ಮನ್ಯಾಗ ಶಿರಾ ತಿಂದೆ, ಎರಡೆರಡು ಸಲ ಅಟ್ಟ ಏರಿದೆ. ಹೆಸರು ಅವ್ವನ ಸೆರಗಿನ ಗಂಟಿನ್ಯಾಗ, ಕಾರ್ಡಿನ ಮ್ಯಾಲೆ ಇತ್ತು. ಸಿಟ್ಟು ಯಾರ ಮ್ಯಾಲೆ ಮಾಡಬೇಕಂತ ತಿಳೀಲಿಲ್ಲ. ಅವ್ವ ಮುದುಕಿ ಕೈ ಹಿಡಕೊಂಡು, "ಇನ್ನೊಮ್ಮೆ ಅನ್ನು ಚಿಗವ್ವಾ. ನೀ ಆಕಿನ್ನ ಕರದಂಗ ಅನ್ನು" ಅಂದ್ಲು. ಮುದುಕಿ ಅಂದ್ಲು. ಅವ್ವ ಕಣ್ಣ ಮುಚ್ಚಿ ಕೇಳಿದ್ಲು.

ತಿರುಗಿ ಬರೂ ಬಸ್ಸಿನ್ಯಾಗ ಕಂಡಕ್ಟರ್ ಕಾರ್ಡ್ ಕೇಳಿದ. ಅವ್ವ, "ಹೆಸರು ಜೋರಾಗಿ ಓದಪಾ" ಅಂದ್ಲು. ಆಂವ ಹುಚ್ಚ ಮುದುಕಿ ಇರಬೇಕಂತ ಓದಿದ. ಅವ್ವ ನನ್ನ ಕಡೆ ಹೊಳ್ಳಿ, "ಅಲ್ಲೋ, ರೇಷನ್ ಅಂಗಡ್ಯಾಗ ಇಷ್ಟು ದಿವಸ ನಮ್ಮವ್ವನ್ನ ಕರದ್ರ ನಾ ಓ ಅಂದಂಗಾತಲ್ಲೋ" ಅಂದ್ಲು.

೬. ತೊಟ್ಟಲ

ಮನಿ ತುಂಬ ಮಂದಿ. ಬೀಗ್ತಿ ಎಲ್ಲಾ ಕೇಳಿ ಹುಬ್ಬ ಗಂಟ ಹಾಕಿದ್ಲು. "ಅಲ್ರಿ ಬೀಗರ, ಇದ್ದಾವ್ರ ಹೆಸರು ಕೂಸಿಗೆ ಇಡೂದಿಲ್ಲ ನಮ್ಮಲ್ಲಿ. ಅಜ್ಜಿಗೂ ಅದ ಹೆಸರು, ಅಜ್ಜಿ ಇನ್ನೂ ಗಟ್ಟಿ ಅದಾರ."

ಕಡೀ ಹೊತ್ತಿನ್ಯಾಗ ಇದೊಂದು ಬಾಕಿ ಇತ್ತು. ನಾ ಬಾಯಿ ತಗಿಯೂದ್ರೊಳಗ ಅವ್ವ ಎದ್ದು ನಿಂತ್ಲು.

"ಅದು ನನ್ನ ಹೆಸರಲ್ಲವಾ. ನಮ್ಮವ್ವಂದು. ನನ್ನ ಕಡೆ ಇಟ್ಟು ಹೋಗಿದ್ಲು. ನನ್ನ ಹೆಸರು ತಂಗೆವ್ವ. ಯಾರನ್ನ ಬೇಕಾದ್ರ ಕೇಳು."

ಬೀಗ್ತಿ ಕಣ್ಣು ತುಂಬಿ ಬಂದ್ವು. ಆಮ್ಯಾಲೆ ಆಕಿನ ಎಲ್ಲಾರಿಗಿಂತ ಮುಂದ ನಿಂತು ತೊಟ್ಟಲ ತೂಗಿದ್ಲು. ಅಳಿಯನ ಅಕ್ಕ ಕೂಸಿನ ಕಿವ್ಯಾಗ ನೀಲಗಂಗವ್ವ ಅಂತ ಹೇಳಿದ್ಲು. ಪದ್ಧತಿ ಪ್ರಕಾರ ಹೆಂಗಸರೆಲ್ಲ ಕೂಡಿ ಹೆಸರು ಹೇಳಿದಾಕಿ ಬೆನ್ನಿಗೆ ಗುದ್ದಿದ್ರು, ಹಾಡಿದ್ರು, ಸಕ್ಕರಿ ಹಂಚಿದ್ರು. ಅವ್ವ ತೊಟ್ಟಲದ ಹಗ್ಗ ಬಿಡಲೇ ಇಲ್ಲ. ಇಷ್ಟು ದಿವಸದ ಓಡಾಟ ಸಾರ್ಥಕ ಆತು ಅಂತ ನಾ ಕುರ್ಚಿ ಮ್ಯಾಲೆ ಕುಂತು ಒಂದು ಕಪ್ ಚಹಾ ಬಾಯಿಗೆ ಇಟ್ಟೆ.

ಕೂಸು ಕಿರಚಾಕ ಹತ್ತು. ನನ್ನ ಮಗಳು ಓಡಿ ಬಂದು, "ಏ ನೀಲಗಂಗಾ, ಬಾಯಿ ಮುಚ್ಚ!" ಅಂದ್ಲು.

ಅವ್ವ ಹೌಹಾರಿದ್ಲು. "ಏನಂದೆ? ನಮ್ಮವ್ವಗ ಬಾಯಿ ಮುಚ್ಚ ಅಂತಿಯೇನ?"

"ಅಜ್ಜಿ, ಕೂಸಿಗೆ ಅಂದೆ."

"ಹೆಸರು ಯಾರದದು? ಹಿರೇರ ಹೆಸರ್ಲೆ ಬೈಯ್ಯಾಕ ಹೋಗಬ್ಯಾಡ್ರಿ. ಬ್ಯಾರೆ ಏನರ ಕರೀರಿ."

"ಪಿಂಕಿ ಅನ್ನೂಣೇನ್ರಿ?" ಅಂದ್ಲು ಬೀಗ್ತಿ.

"ಅನ್ರಿ," ಅಂದ್ಲು ಅವ್ವ.

ನಾ ಚಹಾ ಕಪ್ ಕೆಳಗ ಇಟ್ಟೆ. ಖರೇನ ಇಷ್ಟು ಸಿಟ್ಟು ನನಗ ಬಸ್ಸಿನ್ಯಾಗೂ ಬಂದಿದ್ದಿಲ್ಲ. "ಯವ್ವಾ! ಮತ್ತ ಅದ ಮಾಡಾಕತ್ತೀರಲ್ಲ! ಹಿಂಗ ಮಾಡಿದ್ರ ಮುಂದ ಈಕಿ ಮಗನೋ ಮೊಮ್ಮಗನೋ ಆ ಹೆಸರಿನ ಸಲುವಾಗಿ ನನ್ನಂಗ ಊರೂರು ತಿರಗ್ತಾನ!"

"ತಿರಗಲಿ ಬಿಡೋ," ಅಂದ್ಲು ಅವ್ವ. "ಹುಡುಕ್ಕೊಂಡು ಬರಾಕ ಒಬ್ಬಾಂವರ ಇರ್ತಾನಲ್ಲ."

ಅಂದು, ತೊಟ್ಟಲದ ಕಡೆ ಹೊಳ್ಳಿ, ಹಗ್ಗ ಜಗ್ಗಿ, ಎಲ್ಲಾರಿಗಿಂತ ದೊಡ್ಡ ದನಿಲೆ "ಪಿಂಕೀ..." ಅಂತ ಕರದ್ಲು.